ಕ್ಲಚ್ ಇಲ್ಲದ ಗಾಡಿ

ನನ್ನ ಎಡಗಾಲಿಗೆ ಚಿಕ್ಕಂದಿನಿಂದಲೂ ಬಲವಿಲ್ಲ. ಕ್ಲಚ್ ತುಳಿಯುವ ಗಾಡಿ ನನ್ನಿಂದಾಗದ ಮಾತು. ಹಾಗಾಗಿ ದ್ರಾಕ್ಷಿ ತೋಟದ ಕೆಲಸಕ್ಕೆ ಪಿಕಪ್ ಕೊಳ್ಳುವಾಗ ಹಟ ಹಿಡಿದು ಡೀಸೆಲ್ಲಿನ ಆಟೋಮ್ಯಾಟಿಕ್ ಗಾಡಿಯನ್ನೇ ತರಿಸಿದೆ. ಅಂದಿನಿಂದ ಮಹಾರಾಷ್ಟ್ರದ ನಮ್ಮೂರು ಮಾಲಗಾಂವದಿಂದ ಮಿರಜಕ್ಕೆ, ಸಾಂಗ್ಲಿ ಮಾರುಕಟ್ಟೆಗೆ ಒಣದ್ರಾಕ್ಷಿಯ ಪೆಟ್ಟಿಗೆ ಹೇರಿಕೊಂಡು ನಾನೇ ಹೋಗುತ್ತೇನೆ. ಅದರ ಗೇರ್ ಬಾಕ್ಸ್ ಕೆಟ್ಟರೆ ಮತ್ತೆ ಯಾರದೋ ಪಕ್ಕದ ಸೀಟಿನಲ್ಲಿ ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂರಬೇಕು. ಅದನ್ನು ಕೆಡಿಸಲೆಂದೇ ಹುಟ್ಟಿದವರು ನಮ್ಮ ಮನೆಯಲ್ಲೇ ಇದ್ದರು: ನನ್ನ ಗಂಡನ ಅಣ್ಣ.

ಭಾವ ಹಳೆಯ ಟೆಂಪೊ ಓಡಿಸಿ ಪಳಗಿದವರು. ಇಳಿಜಾರು ಕಂಡರೆ ನ್ಯೂಟ್ರಲ್‌ಗೆ ಹಾಕಿ, ಡೀಸೆಲ್ ಉಳಿಸಿದೆನೆಂದು ಮೀಸೆ ತಿರುವುತ್ತಾರೆ. ಗಾಡಿ ಹಿಂದಕ್ಕೆ ಉರುಳುತ್ತಿರುವಾಗಲೇ ಮುಂದಕ್ಕೆ ಹೋಗುವ ಗೇರಿಗೆ ಎಳೆಯುತ್ತಾರೆ. ಒಳಗಿಂದ ಧಡ್ ಎಂದು ಸದ್ದಾದರೆ ರೇಡಿಯೊ ಜೋರು ಮಾಡುತ್ತಾರೆ. ಮಿರಜದ ಮೇಲ್ಸೇತುವೆಯ ಏರಿನಲ್ಲಿ ವಾಹನಗಳು ನಿಂತರೆ, ಬ್ರೇಕ್ ತುಳಿಯದೆ ಆಕ್ಸಿಲರೇಟರ್ ಒತ್ತಿಯೇ ಗಾಡಿಯನ್ನು ತಡೆದು ಹಿಡಿಯುತ್ತಾರೆ. ಗೇರ್ ಬಾಕ್ಸಿನ ಎಣ್ಣೆ ಕುದಿದರೆ ಅವರಿಗೇನು? ಗಾಡಿಯ ಜೊತೆ ಬಂದ ಪುಸ್ತಕವನ್ನು ಓದಿದವಳು ನಾನೊಬ್ಬಳೇ. ಮುಂದಕ್ಕೋ ಹಿಂದಕ್ಕೋ ಹಾಕುವಾಗ ಗಾಡಿ ಪೂರ್ತಿ ನಿಂತಿರಬೇಕು, ಭಾರ ಹೊರುವ ಗಾಡಿಗೆ ಎಣ್ಣೆಯನ್ನು ಬೇಗ ಬದಲಿಸಬೇಕು, ನಿಲ್ಲಿಸುವಾಗ ಮೊದಲು ಹ್ಯಾಂಡ್ ಬ್ರೇಕ್, ಆಮೇಲೆ ಪಾರ್ಕಿಂಗ್ ಗೇರ್. ಇಷ್ಟು ಮಾಡಿದರೆ ಗೇರ್ ಬಾಕ್ಸ್ ಬಹಳ ಕಾಲ ಬಾಳುತ್ತದೆ.

ಇದನ್ನು ಅವರಿಗೆ ಹೇಳುವುದು ಹೇಗೆ? ನಮ್ಮ ಮನೆಯಲ್ಲಿ ಭಾವ ತಮ್ಮನ ಹೆಂಡತಿಯ ಜೊತೆ ನೇರವಾಗಿ ಮಾತಾಡುವುದಿಲ್ಲ. ನಾನು ಗಂಡನಿಗೆ ಹೇಳಬೇಕು, ಗಂಡ ಅಣ್ಣನಿಗೆ ಹೇಳಬೇಕು. ನನ್ನ ಬಾಯಿಂದ ಬೆಂಕಿಯಾಗಿ ಹೊರಟದ್ದು ಅಲ್ಲಿಗೆ ತಲುಪುವಾಗ ತಣ್ಣನೆಯ ಮಜ್ಜಿಗೆಯಾಗಿರುತ್ತಿತ್ತು. ಎದುರಿಗೇ ಕೂತು ನನ್ನ ಮಾತೆಲ್ಲ ಕೇಳಿಸಿಕೊಂಡ ಭಾವ, ಕೇಳಿಸದವರಂತೆ ತಮ್ಮನ ಮುಖ ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಬ್ಬಿನ ಹಂಗಾಮಿನಲ್ಲಿ ನಮ್ಮ ಕಡೆ ಒಂದು ರೂಢಿಯಿದೆ. ಕೆಸರಿನಲ್ಲಿ ಹೂತ ಟ್ರಾಲಿ ಎಳೆಯಲು ಯಾರು ಕರೆದರೂ ಇಲ್ಲ ಎನ್ನಬಾರದು. ಸರಿ, ಟ್ರ್ಯಾಕ್ಟರ್ ಇದ್ದವರು ಎಳೆಯಲಿ. ನಮ್ಮ ಭಾವನಿಗೆ ಊರ ಮುಂದೆ ದೊಡ್ಡಸ್ತಿಕೆ ಬೇಕು. ನಾನು ಸ್ನಾನಕ್ಕೆ ಹೋದ ಹೊತ್ತು ನೋಡಿ ಕೀಲಿ ಒಯ್ದರು. ಪಿಕಪ್ಪಿಗೆ ಹಗ್ಗ ಕಟ್ಟಿ, ಪಕ್ಕದ ಹೊಲದವನ ತುಂಬಿದ ಟ್ರಾಲಿಯನ್ನು ಎಳೆದರು. ತಿರುಗಿ ಬಂದ ಗಾಡಿ ಸುಟ್ಟ ವಾಸನೆ ಹೊಡೆಯುತ್ತಿತ್ತು. ಮರುದಿನ ಗೇರಿಗೆ ಹಾಕಿದರೆ ಒಂದು ಗಳಿಗೆ ತಡೆದು ಹೊರಟಿತು. ಮಿರಜದ ಗ್ಯಾರೇಜಿನಲ್ಲಿ ಇಳಿಸಿದ ಎಣ್ಣೆ ಡಾಂಬರಿನಂತೆ ಕಪ್ಪಾಗಿತ್ತು. ಈ ಸಲ ಹೊಸ ಎಣ್ಣೆ ಹಾಕಿದರೆ ಉಳಿಯಬಹುದು, ಇನ್ನೊಮ್ಮೆ ಹೀಗಾದರೆ ಗೇರ್ ಬಾಕ್ಸ್ ಹೋದ ಹಾಗೆಯೇ ಎಂದು ಗ್ಯಾರೇಜಿನವರು ಹೇಳಿದರು.

ಆ ದಿನ ಊಟಕ್ಕೆ ಕೂತಾಗ ಈ ಸುದ್ದಿ ಕೇಳಿದ ಭಾವ ರೊಟ್ಟಿ ಮುರಿಯುತ್ತ ನನ್ನ ಗಂಡನಿಗೆ ಹೇಳಿದರು: “ಹೋದ್ರ ಹೋಗ್ಲಿ ಬಿಡೊ. ಮುಂದಿನ ಸಲ ಕ್ಲಚ್ ಇರೂ ಗಾಡಿ ತರೂಣು. ಅದನ್ನ ಎಲ್ಲಾರೂ ಹೊಡೀತಾರ.”

ಬಡಿಸುತ್ತಿದ್ದ ಪಲ್ಯದ ಪಾತ್ರೆಯನ್ನು ಅಲ್ಲೇ ಕೆಳಗಿಟ್ಟೆ. ಮನೆಯವರ ಬಗ್ಗೆ ದ್ವೇಷ ಎಂಬ ಮಾತು ಆಡಬಾರದಂತೆ. ನಾನು ಆಡುತ್ತೇನೆ. ಅಂದಿನಿಂದ ಕೀಲಿಯನ್ನು ಸೆರಗಿನ ಗಂಟಿನಲ್ಲೇ ಇಟ್ಟುಕೊಂಡೆ.

ಕೆಲವೇ ದಿನಗಳಲ್ಲಿ ಅದೇ ಹೊಲದವನ ಟ್ರಾಲಿ ಮತ್ತೆ ಹೂತಿತು. ನಾನು ಪೆಟ್ಟಿಗೆ ಹೇರಿಸಿ, ಗಾಡಿ ಚಾಲೂ ಮಾಡಿ ಕೂತಿದ್ದೆ. ಅವನು ಅಂಗಳಕ್ಕೆ ಬಂದು ಮರಾಠಿಯಲ್ಲಿ ಗೋಗರೆದ. ಭಾವ ಆಗಲೇ ಹಗ್ಗವನ್ನು ಹೆಗಲಿಗೆ ಹಾಕಿಕೊಂಡಿದ್ದರು. ನನ್ನನ್ನು ಕೆಳಗಿಳಿಯಲು ಹೇಳೆಂದು ತಮ್ಮನಿಗೆ ಅಪ್ಪಣೆ ಮಾಡಿದರು.

ನಾನು ಗಾಜು ಇಳಿಸಿದೆ. ಮದುವೆಯಾದ ಮೇಲೆ ಮೊದಲ ಬಾರಿಗೆ ಅವರ ಮುಖ ನೋಡಿಯೇ ಮಾತಾಡಿದೆ. “ಇಳಿಯಂಗಿಲ್ರಿ. ಎಲ್ಲಾರೂ ಹೊಡೀತಾರ ಅಂದ್ರಿ. ಆ ಎಲ್ಲಾರೊಳಗ ನಾ ಅದೀನೋ ಇಲ್ಲೋ, ಅಷ್ಟ ಹೇಳ್ರಿ.”

ಭಾವ ನನ್ನ ಗಂಡನ ಕಡೆ ತಿರುಗಿ, ಎಂದಿನಂತೆ ಅವರು ನನ್ನ ಮಾತು ಮುಟ್ಟಿಸಲಿ ಎಂದು ಕಾದರು. ನನ್ನ ಗಂಡ ನೆಲ ನೋಡುತ್ತ, “ನಿನ್ನ ಕೇಳ್ಯಾಳ ಅಣ್ಣಾ,” ಎಂದರು.

ನಾನು ಬ್ರೇಕ್ ತುಳಿದುಕೊಂಡೇ ಇದ್ದೆ. ಭಾವ ಹಗ್ಗವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಟ್ರಾಲಿಯವನ ಕಡೆ ತಿರುಗಿದರು. ನಾನು ಗೇರಿಗೆ ಹಾಕಿ ಸಾಂಗ್ಲಿಗೆ ಹೊರಟೆ.