ಬಾವಿ ಬದಿಯ ಡ್ರಮ್ಮು

ಥೂ! ಬೋರ್ ಕೆಟ್ಟಿತೆಂದು ನಿನ್ನೆ ಹಿತ್ತಲ ಬಾವಿಗೆ ಕೊಡ ಬಿಟ್ಟೆ. ಬಂದ ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆ ಪೊರೆ, ಡೀಸೆಲ್ ನಾತ. ಕೊಡವನ್ನು ಅಲ್ಲೇ ಕುಕ್ಕಿದೆ. ಆ ನಾತದ ಹಿಂದೆಯೇ ಇನ್ನೊಂದು ನಾತ ನೆನಪಾಯಿತು, ಅದರ ಹಿಂದೆ ಕೆಮಿಸ್ಟ್ರಿ ಸರ್...

ಶಹಾಪುರದ ನಮ್ಮ ಇದೇ ಮನೆಯ ಹಿಂದಿನ ಖೋಲಿಯಲ್ಲಿ ಅವರು ಆಗ ಬಾಡಿಗೆಗಿದ್ದರು. ಪಕ್ಕದ ಗ್ಯಾರೇಜಿನ ಸಾಹುಕಾರ ಲಾರಿಗಳ ಸುಟ್ಟ ಎಣ್ಣೆಯನ್ನು ನಮ್ಮ ಬಾವಿಯ ಬದಿಗೇ ಸುರಿಯುತ್ತಿದ್ದ. ಬೈದರೂ ಬಿಡಲಿಲ್ಲ, ದಪ್ಪ ಚರ್ಮ. ಮಳೆ ಬಂದರೆ ಆ ಎಣ್ಣೆ ಬಾವಿಗಿಳಿಯುತ್ತದೆಂದು ಸರ್‌ಗೆ ಚಿಂತೆ. ಆ ಕರೀ ಮಣ್ಣಿನಲ್ಲಿದ್ದ, ಎಣ್ಣೆ ತಿನ್ನುವ ಸೂಕ್ಷ್ಮಜೀವಿಗಳನ್ನೇ ಡ್ರಮ್ಮಿನಲ್ಲಿ ಸಾಕತೊಡಗಿದರು. ಅವಕ್ಕೆ ಊಟ ಸಕ್ಕರೆ ಕಾರ್ಖಾನೆಯ ಕಾಕಂಬಿ, ಮಿರ್ಚಿಭಜಿ ಕರಿದುಳಿದ ಎಣ್ಣೆ. ಅಬ್ಬಬ್ಬಾ, ಹಳಸಿದ ಹಿಟ್ಟಿನಂಥ ಆ ನಾತ! ಮೂಗಿಗೆ ಸೆರಗು ಹಿಡಿದೇ ಬಟ್ಟೆ ಒಣಹಾಕುತ್ತಿದ್ದೆ.

ಒಂದು ದಿನ ಜಗಳಕ್ಕೆಂದೇ ಹೋದೆ. ಸರ್ ತಾಟಿನಲ್ಲಿ ನೀರು ಹಾಕಿ, ಮೇಲೆ ಸುಟ್ಟ ಎಣ್ಣೆ ಹರಡಿದ್ದರು. ಡ್ರಮ್ಮಿನ ತಿಳಿಯನ್ನು ಒಂದು ಹನಿ ನಡುವೆ ಬಿಟ್ಟರು. ಎಣ್ಣೆ ಸರ್ರನೆ ಅಂಚಿಗೆ ಸರಿದು, ನಡುವೆ ತಿಳಿನೀರು ಕಂಡಿತು.

“ನೋಡ್ರಿ ಅಕ್ಕಾರ, ನೀರಿನ ಮೈ ಬಿಗಿ ಇರ್ತದ. ಈ ಹುಳ ಮಾಡೋ ಸಾಬೂನು ಅದನ್ನ ಸಡಿಲ ಮಾಡ್ತದ. ಸಾಬೂನಿನ ಒಂದು ತುದಿ ನೀರು ಹಿಡಿತದ, ಇನ್ನೊಂದು ಎಣ್ಣಿ. ಮಣ್ಣಾಗಿನ ಎಣ್ಣಿ ಸಣ್ಣ ಹನಿ ಆತಂದ್ರ ಹುಳಾನ ತಿಂದು ಮುಗಸ್ತಾವ.”

“ಈ ನಾತ ಯಾರು ತಡಕೋಬೇಕ್ರಿ ಸರ?”

“ನಾಕು ದಿನ ತಡೀರಿ. ಬಾವಿ ಹೋದ್ರ ತಿರುಗಿ ಬರಂಗಿಲ್ಲ.”

ಬಟ್ಟೆಯ ಹಗ್ಗ ಬಿಚ್ಚಿ ಮುಂದಿನ ಅಂಗಳಕ್ಕೆ ಕಟ್ಟಿಕೊಂಡೆ.

ಬಸವ ಜಯಂತಿಯ ಹಿಂದಿನ ದಿನ ಓಣಿ ತೊಳೆಯುತ್ತಿದ್ದರು. ಸರ್ ಕಾಲೇಜಿನಲ್ಲಿದ್ದರು. “ಹಬ್ಬದಾಗ ಇದೇನು ಹೊಲಸು!” ಎನ್ನುತ್ತ ಸಾಹುಕಾರ ಡ್ರಮ್ಮನ್ನು ಗಟಾರಕ್ಕೆ ಉರುಳಿಸಿದ, ಮೇಲೆ ಫಿನಾಯಿಲ್ ಸುರಿದ. ಬೇಡ್ರೀ ಎಂದು ನಾನು ಓಡಿಬರುವಷ್ಟರಲ್ಲಿ ಗಟಾರದ ತುಂಬ ನೊರೆ. ಪಾಡ ಆತು ಬಿಡ್ರಿ, ನಾತ ಹೋತು ಎಂದರು ಓಣಿಯವರು. ಅವನು ಗ್ರೀಸು ಮೆತ್ತಿದ ಕೈಯನ್ನು ನಮ್ಮ ಬಾವಿಯ ಕಟ್ಟೆಗೆ ಒರೆಸಿ ಹೋದ.

ಸರ್ ಸಂಜೆ ಬಂದು ಖಾಲಿ ಡ್ರಮ್ಮನ್ನು ಗಟಾರದಿಂದ ಎತ್ತಿ ನಿಲ್ಲಿಸಿದರು... ಮತ್ತೆ ಸಾಕುವ ಮೊದಲೇ ಹುಣಸಗಿಗೆ ವರ್ಗವಾಯಿತು. ಮಳೆ ಬಂತು, ಬಾವಿ ಕೆಟ್ಟಿತು, ನಾವು ಬೋರ್ ಹಾಕಿಸಿದೆವು. ಈಚೆಗೆ ಸರ್ ತೀರಿಕೊಂಡರೆಂದು ಕೇಳಿದೆ.

ನಿನ್ನೆ ಕೊಡ ಕುಕ್ಕಿದ ಸದ್ದಿಗೆ ಸಾಹುಕಾರ ಗೋಡೆಯಾಚೆಯಿಂದ ಇಣುಕಿದ. “ಏನ್ ಹೊಲಸು ನೀರವ್ವಾ!” ಎಂದು ಮೂಗು ಮುಚ್ಚಿಕೊಂಡ.

“ನಿಮ್ಮದ ಎಣ್ಣೀರಿ ಸಾವ್ಕಾರ್ರ,” ಎಂದೆ. ಕೇಳಿಸದವನಂತೆ ಒಳಗೆ ಹೋದ.

ಕೊಡದಲ್ಲಿ ಆ ಪೊರೆ ಇನ್ನೂ ಹಾಗೇ ಕೂತಿದೆ. ಸರ್ ತಾಟಿಗೆ ಬಿಟ್ಟಿದ್ದ ಆ ನಾರುವ ಹನಿ ಒಂದು ಬೇಕಿತ್ತು.