“ಕೈ ಎಲ್ಲಿ ಮಾರಾಯ್ತಿ?”

ತೀರಿಹೋದ ಅಕ್ಕನಿಗೆ ಮೊನ್ನೆ ವಾಟ್ಸಾಪ್‌ನಲ್ಲಿ ಒಂದು ಚಿತ್ರ ಕಳಿಸಿದೆ. ಕೆಳಗೆ ‘ಹೇಗುಂಟು?’ ಅಂತ ಬೇರೆ ಬರೆದೆ.

ತಲೆ ಕೆಟ್ಟಿಲ್ಲ. ಅಭ್ಯಾಸ.

ಪುತ್ತೂರಲ್ಲಿ ಕೂತು ಮಕ್ಕಳ ಪುಸ್ತಕಗಳಿಗೆ ಚಿತ್ರ ಬಿಡಿಸುವುದು ನನ್ನ ಕೆಲಸ. ಇಷ್ಟು ವರ್ಷವಾದರೂ ಪ್ರತಿ ಚಿತ್ರ ಮುಗಿದಾಗ ಅದೇ ಹೆದರಿಕೆ. ಇದು ಚಿತ್ರವಾ, ಗೀಚಾಟವಾ? ಫ್ಯಾಮಿಲಿ ಗ್ರೂಪಿಗೆ ಹಾಕಿದರೆ ಸಾಲುಸಾಲು ಹೆಬ್ಬೆರಳು ಬರುತ್ತವೆ. (ಒಣಗಲು ಹಾಕಿದ ಹಪ್ಪಳದ ಫೋಟೋಗೂ ಅಷ್ಟೇ ಹೆಬ್ಬೆರಳು.) ನಂಬುವುದು ಹೇಗೆ?

ಹಾಗಾಗಿ ಅಕ್ಕನಿಗೆ ಬೇರೆಯಾಗಿ ಕಳಿಸುತ್ತಿದ್ದೆ. ಕಾಣಿಯೂರಿನ ಅವಳ ಅಡುಗೆಮನೆಯಿಂದ, ಒಗ್ಗರಣೆಯ ಸದ್ದಿನ ನಡುವೆ, ವಾಯ್ಸ್ ಮೆಸೇಜ್ ಬರುತ್ತಿತ್ತು.

“ಮುಖ ಅಡ್ಡಿಲ್ಲ. ಕೈ ಎಲ್ಲಿ ಮಾರಾಯ್ತಿ? ನಿನ್ನ ಚಿತ್ರದಲ್ಲಿ ಯಾರಿಗೂ ಕೈಯೇ ಇಲ್ವಾ?”

ಸಿಕ್ಕಿಬಿದ್ದೆ! ನನಗೆ ಕೈ ಬಿಡಿಸಲು ಬರುವುದಿಲ್ಲ. ನಾನು ಬರೆದ ಬೆರಳೆಲ್ಲ ಬೆಂಡೆಕಾಯಿ. ಅದಕ್ಕೇ ಹುಡುಗರ ಕೈ ಜೇಬಿನಲ್ಲಿ, ಅಜ್ಜಿಯರ ಕೈ ಸೆರಗಿನಡಿ. ಸಂಪಾದಕರಿಗೂ ಕಾಣದ್ದು ಅವಳಿಗೆ ಕಾಣುತ್ತಿತ್ತು. ಸಿಟ್ಟಿನಲ್ಲಿ ಫೋನ್ ಆಚೆಗಿಟ್ಟು, ಮತ್ತೆ ಕೂತು ತಿದ್ದುತ್ತಿದ್ದೆ.

ಅಂಥ ಅಕ್ಕ ಜ್ವರ ಅಂತ ಮಲಗಿದವಳು ಏಳಲಿಲ್ಲ.

ಉತ್ತರಕ್ರಿಯೆಗೆ ಇಡಲು ಫೋಟೋ ಹುಡುಕಿದರೆ ಒಂದೂ ಸರಿಯಿಲ್ಲ. ಯಾರ ಮದುವೆಯ ಆಲ್ಬಮ್ ತೆಗೆದರೂ ಅವಳು ಬಗ್ಗಿ ಬಡಿಸುತ್ತಿದ್ದಾಳೆ. ಮುಖ ಅರ್ಧ, ಸೌಟು ಪೂರ್ತಿ.

“ನೀನೇ ಬಿಡಿಸು. ನಿನಗಾದ್ರೆ ಅವಳ ಮುಖ ಗೊತ್ತುಂಟಲ್ಲ,” ಅಂದರು ಭಾವ.

ಬಿಡಿಸಿದೆ. ಮುಖ ಬಂತು. ತಪ್ಪು ಹುಡುಕುವ ಆ ವಾರೆನೋಟವೂ ಬಂತು. ಕೈ ಮಾತ್ರ ಎಷ್ಟು ಅಳಿಸಿ ಬರೆದರೂ ಬರಲಿಲ್ಲ. ಊರಿಗೆಲ್ಲ ಬಡಿಸಿದ ಕೈ ಅದು! ಕೊನೆಗೆ ಸೆರಗು ಹೊದಿಸಿಬಿಟ್ಟೆ. ಮತ್ತೆ ಅದೇ ಹೆದರಿಕೆ. ಯೋಚಿಸುವ ಮೊದಲೇ ಅಕ್ಕನ ನಂಬರಿಗೆ ಕಳಿಸಿಯಾಗಿತ್ತು.

ಸ್ವಲ್ಪ ಹೊತ್ತಿಗೆ ಅದೇ ನಂಬರಿನಿಂದ ಉತ್ತರ ಬಂತು.

ಒಂದು ಹೆಬ್ಬೆರಳು.

ಅವಳ ಫೋನ್ ಈಗ ಭಾವನ ಹತ್ತಿರ ಇದೆ. ಹಿಂದೆಯೇ ಅವರ ಕಾಲ್. “ಲಾಯ್ಕ ಆಗಿದೆ. ಇನ್ನು ಎಂತದೂ ತಿದ್ದುದು ಬೇಡ. ಅವಳೇ ಕೂತ ಹಾಗೆ ಉಂಟು.” ಸರಿ ಅಂದು ಫೋನಿಟ್ಟು ಅತ್ತೆ. ಅಕ್ಕನ ನಂಬರಿನಿಂದ ನನಗೆ ಬಂದ ಮೊದಲ ಹೆಬ್ಬೆರಳು ಅದು.

ಉತ್ತರಕ್ರಿಯೆಯ ದಿನ ಬಂದವರೆಲ್ಲ ಹೂ ಹಾಕಿ, ಚಿತ್ರ ನೋಡಿ ಹೊಗಳಿದರು. ಒಬ್ಬರಾದರೂ ಕೇಳುತ್ತಾರೇನೋ ಅಂತ ಕೊನೆಯ ಪಂಕ್ತಿ ಏಳುವವರೆಗೂ ಅಲ್ಲೇ ಸುಳಿದಾಡಿದೆ. ಯಾರೂ ಕೇಳಲಿಲ್ಲ.

ಹೊಗಳುವವರದ್ದು ತಪ್ಪೇನಿಲ್ಲ. ನಮಗೆ ನೋವಾಗಬಾರದು ಅಂತ ಅವರ ಆಸೆ. ಆದರೆ ಇವಳು ಇನ್ನೂ ಚೆನ್ನಾಗಿ ಮಾಡಬಲ್ಲಳು ಅಂತ ನಂಬಿದವರು ಮಾತ್ರ ತಾನೇ ಬೈಯುವುದು? ನನಗೇ ಇಲ್ಲದ ಆ ನಂಬಿಕೆ ಅಕ್ಕನಿಗಿತ್ತು. ಇದು ಗೊತ್ತಾಗಲು ಇಷ್ಟು ತಡವಾಗಬೇಕಿತ್ತಾ?

ಚೆನ್ನಾಗಿದೆ ಎನ್ನಲು ಊರೇ ಇದೆ. ಕೈ ಎಲ್ಲಿ ಅಂತ ಕೇಳಲು ಇನ್ನು ಯಾರಿದ್ದಾರೆ?