ಕಾಕಾ ನಗದೇ ಇದ್ದ ಸಿನಿಮಾ

ಮೊನ್ನೆ ಚಳಿಗೆಂದು ಟ್ರಂಕಿನಿಂದ ಸ್ವೆಟರ್ ತೆಗೆದಾಗ ಡಾಂಬರು ಗುಳಿಗೆಯ ವಾಸನೆ ಬಂತು. ಒಡನೆ ನಾಸಿಕ್‌ನ ನಾವಿದ್ದ ಸಾಲುಮನೆಗಳ ಹಳೆಯ ಚಾಳು, ಪಕ್ಕದ ಮನೆಯ ಕಾಕಾ, ಇದೇ ವಾಸನೆಯ ಅವರ ಬೂದು ಬಣ್ಣದ ಕೋಟು... ಎಲ್ಲ ಮಂಜಿನೊಳಗಿಂದ ಎದ್ದು ಬಂದಂತಾಯಿತು.

ಕಾಕಾ ಬೀದರ್ ಕಡೆಯವರು. ಸಿನ್ನರ್‌ನ ಕಾರ್ಖಾನೆಯೊಂದರಲ್ಲಿ ಫಿಟರ್. ಹೊಸ ಯಂತ್ರದ ಕೆಲಸ ಕಲಿಯಲು ಕಂಪನಿ ಅವರನ್ನೊಮ್ಮೆ ಜರ್ಮನಿಗೆ ಕಳಿಸಿತ್ತು. ಚಾಳಿನಲ್ಲಿ ವಿಮಾನ ಹತ್ತಿದವರು ಅವರೊಬ್ಬರೇ. ಸಂಜೆ ಕಟ್ಟೆಯ ಮೇಲೆ ಕೂತು, ಅಲ್ಲಿನ ಸಾಹೇಬರಿಗೇ ತಾವು ಯಂತ್ರದ ತಪ್ಪು ತೋರಿಸಿಕೊಟ್ಟದ್ದನ್ನು ಹೇಳುತ್ತಿದ್ದರೆ, ಅವರ ಹೆಂಡತಿ ಕಾಕು ಗೋಧಿ ಆರಿಸುವುದನ್ನು ಬಿಟ್ಟು ಗಂಡನ ಮುಖವನ್ನೇ ನೋಡುತ್ತಿದ್ದರು.

ಒಂದು ಭಾನುವಾರ ಇಬ್ಬರೂ ಆಗಿನ್ನೂ ಶಾಲೆಗೆ ಹೋಗುತ್ತಿದ್ದ ನನ್ನನ್ನು ಹಿಂದಿ ಸಿನಿಮಾಕ್ಕೆ ಕರೆದೊಯ್ದರು. ಪರದೇಶಕ್ಕೆ ಹೋಗಿ ಹೆಜ್ಜೆಹೆಜ್ಜೆಗೂ ಎಡವಟ್ಟು ಮಾಡಿಕೊಳ್ಳುವ ಪೆದ್ದನೊಬ್ಬನ ಕಥೆ. ದಾರಿ ತಪ್ಪಿದ ಅವನು ಅಂಗಡಿಯ ಗೊಂಬೆಗೆ ಕೈಮುಗಿದು ವಿಳಾಸ ಕೇಳಿದಾಗ ಥಿಯೇಟರಿಗೆ ಥಿಯೇಟರೇ ನಕ್ಕಿತು. ನಾನೂ ಹೊಟ್ಟೆ ಹಿಡಿದು ನಕ್ಕೆ. ಪಕ್ಕಕ್ಕೆ ತಿರುಗಿದರೆ, ಪರದೆಯ ನೀಲಿ ಬೆಳಕಿನಲ್ಲಿ ಕಾಕಾನ ಕೆನ್ನೆ ಒದ್ದೆಯಾಗಿತ್ತು.

ಮಧ್ಯಂತರದಲ್ಲಿ ಅವರು ಕಾಕುಗೆ ಮೆಲ್ಲಗೆ ಹೇಳಿದರು: "ನಾನೂ ಹಿಂಗೇ ದಾರಿ ತಪ್ಪಿದ್ದೆ. ಠೇಸನ್‌ದಾಗ ಅಳಕೋತ ಕುಂತಿದ್ದೆ. ಕಸ ಹೊಡಿಯೋ ಮುದುಕಿ ಒಬ್ಬಾಕಿ ಕೈ ಹಿಡದು ರೂಮಿನ ತನಕಾ ಬಿಟ್ಟಳು. ಸಾಹೇಬರಿಗೆ ತಪ್ಪು ತೋರಿಸಿದ್ದು... ಎಲ್ಲಾ ಸುಳ್ಳು."

ನಾನು ತಲೆ ತಗ್ಗಿಸಿದೆ. ಕಾಕು ಗಂಡನ ಕಡೆಗೆ ಪೂರ್ತಿ ತಿರುಗಿ ಕೂತರು.

"ಇಷ್ಟು ವರ್ಷ ಒಬ್ರೇ ಮನಸ್ಸಿನಾಗ ಇಟ್ಕೊಂಡಿದ್ರಿ?" ಎಂದರು. ಆಮೇಲೆ, "ಆ ಮುದುಕಿ ಹೆಂಗಿದ್ಳು, ಹೇಳ್ರಿ."

ಉಳಿದರ್ಧ ಸಿನಿಮಾ ನನಗೆ ನೆನಪಿಲ್ಲ. ಕತ್ತಲಲ್ಲಿ ಅವರಿಬ್ಬರ ಪಿಸುಮಾತು ಮಾತ್ರ ತೇಲುತ್ತಿತ್ತು... ಅಂದಿನಿಂದ ಕಟ್ಟೆಯ ಮೇಲಿನ ಕಥೆಗಳೇ ಬದಲಾದವು. ದೂಡುವ ಬಾಗಿಲನ್ನು ಎಳೆಯುತ್ತ ನಿಂತದ್ದು, ಬೆಣ್ಣೆಯೆಂದು ಸಾಬೂನು ಕೊಂಡದ್ದು. ಹೇಳಿ ಮುಗಿಸುವ ಮುಂಚೆ ಕಾಕಾನೇ ನಗುತ್ತಿದ್ದರು.

ನಾವು ಸಂಭಾಜಿನಗರಕ್ಕೆ ಬಂದ ಮೇಲೆ ಒಡನಾಟ ತಪ್ಪಿತು. ಕಾಕಾ ತೀರಿಕೊಂಡ ಸುದ್ದಿಯೂ ತಿಂಗಳು ತಡವಾಗಿಯೇ ತಿಳಿದದ್ದು. ನಿನ್ನೆ ಕಡೆಗೂ ಧೈರ್ಯ ಮಾಡಿ ಕಾಕುಗೆ ಫೋನ್ ಮಾಡಿದೆ.

"ಈಗ ಮನ್ಯಾಗ ಸುಳ್ಳು ಹೇಳೋರೂ ಇಲ್ಲ, ಖರೆ ಹೇಳೋರೂ ಇಲ್ಲವ್ವಾ," ಎಂದರು.

ಫೋನ್ ಇಡಲು ಮನಸ್ಸಾಗಲಿಲ್ಲ. "ಕಾಕಾ ಬೆಣ್ಣೆ ಅಂತ ಸಾಬೂನು ತಂದದ್ದು ಹೆಂಗ, ಹೇಳ್ರಿ ಕಾಕು," ಎಂದೆ...